ಸಿಲ್ವರ್ ಮತ್ತೆ ಹಾಲುವಾಣ: ತೋಟದಲ್ಲಿ ಯಾವ್ದಕ್ಕೆ ಎಲ್ಲಿ ಜಾಗ

(ಕೊಡಗಿನ ಗೋಣಿಕೊಪ್ಪದಲ್ಲಿ ಸಣ್ಣ ಕಾಫಿ ಬೆಳೆಗಾರರ ಮುಂದೆ ಮಾತಾಡಿದ್ದನ್ನ ಬರೆದುಕೊಡಿ ಅಂತ ಸುಮಾರು ಜನ ಕೇಳಿದ್ರು. ಮಾತಾಡಿದ ಹಾಗೇ ಬರೆದಿದ್ದೀನಿ, ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೀನಿ.)

ಎಲ್ರಿಗೂ ನಮಸ್ಕಾರ. ನನಗೆ ಕೊಟ್ಟಿರೋ ವಿಷಯ ತೋಟದ ನೆರಳಿನ ಮರಗಳು ಅಂತ. ಅದು ಬಹಳ ದೊಡ್ಡ ವಿಷಯ, ಅತ್ತಿ, ಬಸರಿ, ಗೋಣಿ, ನೇರಳೆ, ಹಲಸು, ಬೀಟೆ, ನಂದಿ, ಮತ್ತಿ ಅಂತ ಶುರು ಮಾಡಿದ್ರೆ ಒಂದೊಂದು ಮರಕ್ಕೂ ಒಂದೊಂದು ದಿನ ಬೇಕು, ಅದಕ್ಕೆ ಎರಡೇ ಮರ ತಗೊಂಡಿದ್ದೀನಿ, ಸಿಲ್ವರ್ (ಸಿಲ್ವರ್ ಓಕ್) ಮತ್ತೆ ಹಾಲುವಾಣ. ಯಾಕೆ ಈ ಎರಡೇ ಅಂದ್ರೆ ಮಿಕ್ಕ ಮರಗಳು ಹೆಚ್ಚಿನಂಶ ಕಾಡಿಂದ ಉಳ್ಕೊಂಡು ಬಂದವು, ಇಲ್ಲಾ ಹಕ್ಕಿ ಬಾವಲಿ ಬಿತ್ತಿದವು, ಈ ಎರಡನ್ನ ಮಾತ್ರ ನಾವೇ ದುಡ್ಡು ಕೊಟ್ಟು ಆಳು ಹಚ್ಚಿ ಸಾಲು ಹಿಡಿದು ನೆಡ್ತೀವಿ. ಈಗ ಇಪ್ಪತ್ತು ಮೂವತ್ತು ವರ್ಷದಿಂದ ಏನಾಗ್ತಿದೆ ಅಂದ್ರೆ ಹಾಲುವಾಣ ಸತ್ತ ಜಾಗಕ್ಕೂ ಸಿಲ್ವರ್, ಹಲಸು ಬಿದ್ದ ಜಾಗಕ್ಕೂ ಸಿಲ್ವರ್, ಬೇಲಿಗೂ ಸಿಲ್ವರ್, ಕೊಲ್ಲಿ (ಸಣ್ಣ ತೊರೆ) ಪಕ್ಕಕ್ಕೂ ಸಿಲ್ವರ್. ನಾನು ಸಿಲ್ವರ್ ವಿರೋಧಿ ಅಲ್ಲ, ನಮ್ಮ ತೋಟದಲ್ಲೂ ಇದೆ, ಅದ್ರಿಂದ ಮನೆ ಖರ್ಚೂ ನಡೆದಿದೆ. ಆದ್ರೆ ಒಂದು ಮರ ಮಾಡೋ ಕೆಲಸವನ್ನ ಇನ್ನೊಂದು ಮರ ಮಾಡಲ್ಲ, ಇದನ್ನೇ ಇವತ್ತು ಹೇಳೋಕೆ ಬಂದಿರೋದು.

ಮೊದ್ಲು ನೆರಳು ಯಾಕೆ ಅನ್ನೋದು. ಇಲ್ಲಿ ಕೂತಿರೋ ಎಲ್ರಿಗೂ ಗೊತ್ತು, ಆದ್ರೂ ಹಳೇದೊಂದು ವಿಷಯ ಹೇಳ್ಬೇಕು. 1854ರಲ್ಲಿ ಫೌಲರ್ ಅನ್ನೋ ಇಂಗ್ಲಿಷಿನವನು ಮಡಿಕೇರಿ ಕಡೆ ತೋಟ ಶುರು ಮಾಡಿದ ಮೇಲೆ ಯುರೋಪಿಯನ್ನರು ಸಾಲಾಗಿ ಬಂದ್ರು, ಬಂದವ್ರು ಸುಮಾರು ಕಡೆ ಕಾಡನ್ನ ಪೂರ್ತಿ ಸವರಿ ಬಿಸಿಲಲ್ಲೇ ಕಾಫಿ ಹಾಕಿದ್ರು. 1860ರ ದಶಕ ಮುಗಿಯೋದ್ರೊಳಗೆ ಬಿಳಿ ಕಾಂಡಕೊರಕ ಬಂದು ಗಿಡಗಳನ್ನ ತಿಂದು ಹಾಕ್ತು. ಮದ್ರಾಸ್ ಸರ್ಕಾರ ಡಾ. ಜಾರ್ಜ್ ಬಿಡಿ ಅನ್ನೋರನ್ನ ತನಿಖೆಗೆ ಹಾಕಿತ್ತು, ಅವ್ರ ವರದಿ 1869ರಲ್ಲಿ ಬಂತು, ನೆರಳು ಬೇಕೇ ಬೇಕು ಅಂತ ಅದ್ರಲ್ಲಿ ಒತ್ತಿ ಹೇಳಿದ್ರು. ಆ ಹುಳ ಇವತ್ತಿಗೂ ಹೋಗಿಲ್ಲ, ಅರೇಬಿಕಾ ಕಾಫಿ ಇಟ್ಟವರನ್ನ ಕೇಳಿ ನೋಡಿ. ಬಿಸಿಲು ಬಿದ್ದು ಕಾದಿರೋ ಕಾಂಡದ ತೊಗಟೆ ಬಿರುಕಲ್ಲೇ ಅದು ಮೊಟ್ಟೆ ಇಡೋದು. ಅಂದ್ರೆ ಕೊಡಗಲ್ಲಿ ಮರ ಕಡಿದು ಕಾಫಿ ಮಾಡೋ ಪ್ರಯೋಗ ಒಂದ್ಸಲ ಆಗಿದೆ, ಫಲಿತಾಂಶನೂ ಬಂದಿದೆ, ನಾವು ಇನ್ನೊಂದು ಸಲ ಮಾಡಿ ನೋಡೋ ಅಗತ್ಯ ಇಲ್ಲ.

ಈಗ ಸಿಲ್ವರ್ ವಿಷಯ. ಇದ್ರ ಊರು ಆಸ್ಟ್ರೇಲಿಯಾದ ಪೂರ್ವ ಕರಾವಳಿ, ಕ್ವೀನ್ಸ್‌ಲ್ಯಾಂಡಿನ ದಕ್ಷಿಣ ಭಾಗ ಮತ್ತೆ ನ್ಯೂ ಸೌತ್ ವೇಲ್ಸಿನ ಉತ್ತರ ಭಾಗ. ಶಾಸ್ತ್ರೀಯ ಹೆಸರು ಗ್ರೆವಿಲಿಯಾ ರೊಬಸ್ಟಾ. 19ನೇ ಶತಮಾನದಲ್ಲಿ ಟೀ ಕಾಫಿ ತೋಟದವರೇ ನೆರಳಿಗೆ ಅಂತ ಇದನ್ನ ಸಿಲೋನ್‌ಗೆ, ಆಮೇಲೆ ನಮ್ಮ ಕಡೆಗೆ ತಂದ್ರು. ಎಲೆ ಜರೀಗಿಡದ ಹಾಗೆ ಸೀಳು ಸೀಳು, ಅಡಿಭಾಗ ಬೆಳ್ಳಿ ಬಣ್ಣ. ಬೇಸಿಗೆ ಕೊನೆಗೆ ಕಿತ್ತಳೆ ಬಣ್ಣದ ಹೂ ಬಿಡುತ್ತೆ, ಮಕರಂದ ತುಂಬ ಇರುತ್ತೆ, ಜೇನು ಬರುತ್ತೆ, ಇದನ್ನ ಸಿಲ್ವರಿನ ಲೆಕ್ಕಕ್ಕೆ ಸೇರಿಸಲೇಬೇಕು. ಎಳೇದ್ರಲ್ಲಿ ಒಳ್ಳೆ ಮಣ್ಣು ಸಿಕ್ಕಿದ್ರೆ ವರ್ಷಕ್ಕೆ ಆರಡಿ ತನಕ ಏಳುತ್ತೆ. ಬೇರಿಗೊಂದು ವಿಶೇಷ ಗುಣ ಇದೆ, ಅದು ಜನಕ್ಕೆ ಅಷ್ಟು ಗೊತ್ತಿಲ್ಲ: ಸಣ್ಣ ಸಣ್ಣ ಬೇರು ಗೊಂಚಲು ಕಟ್ಕೊಂಡು ಒಂದು ಥರದ ಆಮ್ಲ ಬಿಟ್ಟು ಮಣ್ಣಲ್ಲಿ ಹಿಡ್ಕೊಂಡಿರೋ ರಂಜಕನ ಬಿಡಿಸ್ಕೊಳ್ಳುತ್ತೆ, ಅದಕ್ಕೇ ಬಡ ಮಣ್ಣಲ್ಲೂ ಸಿಲ್ವರ್ ಬರೋದು. ನಾವು ಗೊಬ್ಬರ ಹಾಕದ ಗುಡ್ಡದ ತಲೆಯಲ್ಲೂ ಅದು ನೆಟ್ಟಗೆ ನಿಂತಿರುತ್ತಲ್ಲ, ಕಾರಣ ಇದು.

ಹಾಲುವಾಣ ಬೇರೆ ಜಾತಿ, ಹುರುಳಿ ಅವರೆ ಸೇರಿದ ದ್ವಿದಳ ಕುಟುಂಬದ್ದು. ಎರಿಥ್ರಿನಾ ಅಂತಾರೆ. ನಮ್ಮಲ್ಲಿ ಮುಳ್ಳಿರೋದೂ ಇದೆ ಮುಳ್ಳಿಲ್ಲದ್ದೂ ಇದೆ, ಮುಳ್ಳಿಲ್ಲದ್ದನ್ನ ನೆರಳಿಗೆ ಹಾಕ್ತೀವಿ, ಮುಳ್ಳಿಂದನ್ನ ಮೆಣಸಿನ ಬಳ್ಳಿ ಹಬ್ಬಿಸೋಕೆ, ಬೇಲಿಗೆ. ಮೂರೆಲೆ, ಅಗಲ, ಮೃದು. ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿದು ಇಡುತ್ತೆ, ಕೊಂಬೆ ಕಡಿದಾಗ ಬೇರಿನ ಗಂಟೂ ಒಂದಷ್ಟು ಸತ್ತು ಆ ಸಾರಜನಕ ಮಣ್ಣಿಗೆ ಸೇರುತ್ತೆ, ಮೇಲಿಂದ ಸೊಪ್ಪು ಬೇರೆ. ಸೊಪ್ಪು ಕಡಿದು ಕಾಫಿ ಬುಡಕ್ಕೆ ಹಾಕಿ ಒಂದು ಮಳೆಗಾಲ ಬಿಟ್ಟು ನೋಡಿ, ಎಲೆ ಎಲ್ಲಿ ಹೋಯ್ತು ಅಂತ ಗೊತ್ತಾಗಲ್ಲ, ಎಲ್ಲ ಮಣ್ಣಾಗಿರುತ್ತೆ, ಕೆದಕಿದ್ರೆ ಎರೆಹುಳ. ಸಿಲ್ವರ್ ಎಲೆ ಹಾಗಲ್ಲ, ನಾರು ಜಾಸ್ತಿ, ಸಾರಜನಕ ಕಮ್ಮಿ, ನಿಧಾನಕ್ಕೆ ಕೊಳೆಯುತ್ತೆ. ಅದೂ ಒಂದು ಉಪಯೋಗನೇ, ಬೇಸಿಗೆಯಲ್ಲಿ ನೆಲ ಮುಚ್ಚಿರುತ್ತೆ, ತೇವ ಉಳಿಯುತ್ತೆ, ಮಳೆಗೆ ಮೇಲ್ಮಣ್ಣು ಕೊಚ್ಚೋದು ಸ್ವಲ್ಪ ತಡೆಯುತ್ತೆ. ಆದ್ರೆ ಅದನ್ನೇ ನಂಬ್ಕೊಂಡು ಗೊಬ್ಬರದ ಖರ್ಚು ಉಳಿಸ್ತೀನಿ ಅಂದ್ರೆ ಆಗಲ್ಲ. ಹಾಲುವಾಣ ಇದ್ದ ತೋಟ ಪೂರ್ತಿ ಸಿಲ್ವರ್‌ಗೆ ಹೋದ್ಮೇಲೆ ಯೂರಿಯಾ ಮೂಟೆ ಜಾಸ್ತಿ ಆಗಿದ್ಯಾ ಅಂತ ನಿಮ್ಮ ನಿಮ್ಮ ತೋಟದ ಪುಸ್ತಕ ತೆಗೆದು ನೋಡ್ಕೊಳ್ಳಿ.

ಸರಿ, ಇಷ್ಟೆಲ್ಲ ಗುಣ ಇರೋ ಹಾಲುವಾಣ ಬಿಟ್ಟು ಜನ ಯಾಕೆ ಸಿಲ್ವರ್‌ಗೆ ಹೋದ್ರು? ಬುದ್ಧಿ ಇಲ್ದೆ ಹೋಗಿದ್ದಲ್ಲ, ಕಾರಣ ಇದೆ, ಒಂದಲ್ಲ ನಾಲ್ಕು ಇದೆ.

ಮೊದಲ್ನೇದು ಮರದ ಹಕ್ಕು. ಕೊಡಗಿನ ಜಾಗದ ಗೋಜಲು ಹೊರಗಿನವರಿಗೆ ಅರ್ಥ ಮಾಡಿಸೋದೇ ಕಷ್ಟ, ಬಾಣೆ, ಪೈಸಾರಿ, ಸಾಗು, ರಿಡೀಮ್ ಆಗಿದ್ದು, ಆಗದೇ ಇದ್ದದ್ದು. ರಿಡೀಮ್ ಆಗದ, ಅಂದ್ರೆ ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಹಕ್ಕು ಬಿಡಿಸ್ಕೊಳ್ಳದ ಜಾಗದಲ್ಲಿ ಕಾಡುಮರದ ಹಕ್ಕು ಸರ್ಕಾರದ್ದು. ನಾವು ನೂರು ವರ್ಷ ಕಾದು ಬೆಳೆಸಿದ ಬೀಟೆ ನಮ್ಮದಲ್ಲ. ಸಿಲ್ವರ್ ಕಡಿಯೋಕೆ ಆ ಗೋಳಿಲ್ಲ, ಮರ ಕಾಯ್ದೆಯಲ್ಲಿ ಅದಕ್ಕೆ ವಿನಾಯಿತಿ ಇದೆ. ಮಗಳ ಮದುವೆ, ಮಗನ ಕಾಲೇಜು ಫೀಸು, ಆಸ್ಪತ್ರೆ ಖರ್ಚು ಅಂತ ಬಂದಾಗ ವ್ಯಾಪಾರಿನ ಕರೆದು ತೋರಿಸ್ಬಹುದು, ಬ್ಯಾಂಕಲ್ಲಿಟ್ಟ ಡೆಪಾಸಿಟ್ ಇದ್ದ ಹಾಗೆ. ಇದು ನನ್ನ ಖಡಕ್ ಅಭಿಪ್ರಾಯ, ಇಲ್ಲಿನ ಮರ ಬೆಳೆಸಿದವನಿಗೆ ಹಕ್ಕು ಕೊಡದೆ ಹೊರಗಿನ ಮರ ಬೆಳೆಸಿದವನಿಗೆ ಹಕ್ಕು ಕೊಟ್ರೆ ರೈತ ಯಾವ್ದನ್ನ ನೆಡ್ತಾನೆ ನೀವೇ ಹೇಳಿ. ಕೊಡಗಿನ ಕಾಡುಮರ ಕಮ್ಮಿ ಆಗಿದ್ದಕ್ಕೆ ಬೆಳೆಗಾರನ ಆಸೆ ಒಂದೇ ಕಾರಣ ಅನ್ನೋದನ್ನ ನಾನು ಒಪ್ಪಲ್ಲ.

ಎರಡ್ನೇದು ಮೆಣಸು. 2015, 16ರ ಸುಮಾರಿಗೆ ಕರಿಮೆಣಸು ಕಿಲೋ ಏಳ್ನೂರು ದಾಟಿದ್ದು ನೆನಪಿದೆಯಲ್ಲ, ಆಗ ಖಾಲಿ ಜಾಗ ಕಂಡಲ್ಲೆಲ್ಲ ಸಿಲ್ವರ್ ನೆಟ್ಟು ಬಳ್ಳಿ ಬಿಟ್ರು. ಸಿಲ್ವರ್ ತೊಗಟೆ ಒರಟು, ಬಳ್ಳಿ ಚೆನ್ನಾಗಿ ಕಚ್ಕೊಳ್ಳುತ್ತೆ, ಮರ ನೆಟ್ಟಗೆ ಇರೋದ್ರಿಂದ ಬಿಸಿಲು ಪಕ್ಕದಿಂದ ಬೀಳುತ್ತೆ, ಇಳುವರಿ ಬರುತ್ತೆ. ಮೂರ್ನೇದು ಆಳು. ಹಾಲುವಾಣಕ್ಕೆ ವರ್ಷ ವರ್ಷ ಮರಗಸಿ (ನೆರಳಿನ ಮರದ ಕೊಂಬೆ ಕಡಿಯೋದು) ಬೇಕು, ಮರ ಹತ್ತೋ ಆಳು ಈಗ ಎಲ್ಲಿ, ಇದ್ದವ್ರ ಸಂಬಳ ಎಷ್ಟು, ನಿಮಗೇ ಗೊತ್ತು. ನಾಲ್ಕನೇದು ಹಾಲುವಾಣಕ್ಕೆ ಬಂದ ಕಣಜದ ಕಾಟ, ಅದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ತುಂಬ ಜನ ಇದನ್ನ ಈಗ್ಲೂ ಮಣ್ಣಿನ ದೋಷ ಅಂತಾನೋ ಮಳೆ ಹೆಚ್ಚಾಗಿದ್ದು ಅಂತಾನೋ ತಿಳ್ಕೊಂಡಿದ್ದಾರೆ.

ಒಂದೂವರೆ ಮಿಲಿಮೀಟರ್ ಇರೋ ಕಣಜ ಅದು, ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ. ಸಿಂಗಾಪುರ, ಮಾರಿಷಸ್, ರಿಯೂನಿಯನ್ ಕಡೆ ಸಿಕ್ಕಿದ್ದಕ್ಕೆ 2004ರಲ್ಲಿ ವಿಜ್ಞಾನಿಗಳು ಹೆಸರಿಟ್ರು, ಕ್ವಾಡ್ರಾಸ್ಟಿಕಸ್ ಎರಿಥ್ರಿನೆ ಅಂತ. ಅದಾಗಿ ಒಂದೆರಡು ವರ್ಷದಲ್ಲೇ ಕೇರಳ, ಆಮೇಲೆ ನಮ್ಮ ಕಡೆ. ಹೆಣ್ಣು ಕಣಜ ಎಳೆ ಚಿಗುರಲ್ಲಿ, ಎಲೆ ತೊಟ್ಟಲ್ಲಿ ಮೊಟ್ಟೆ ಇಡುತ್ತೆ, ಮರಿ ಒಳಗೇ ಬೆಳೆಯುತ್ತೆ, ಆ ಜಾಗ ಊದ್ಕೊಂಡು ಗಂಟಾಗುತ್ತೆ, ಎಲೆ ಸುರುಟ್ಕೊಂಡು ಚಿಗುರು ಮುಂದೆ ಬರಲ್ಲ, ಮರ ಮತ್ತೆ ಚಿಗುರುತ್ತೆ, ಮತ್ತೆ ಗಂಟು, ಹೀಗೆ ಆಗಿ ಆಗಿ ಶಕ್ತಿ ಮುಗಿದು ಮರ ಸಾಯುತ್ತೆ. ಕೇರಳದಲ್ಲೂ ನಮ್ಮಲ್ಲೂ ಎಷ್ಟೋ ಮೆಣಸಿನ ಬಳ್ಳಿ ಕಂಬದ (ಬಳ್ಳಿ ಹಬ್ಬಿದ್ದ ಹಾಲುವಾಣದ) ಸಮೇತ ಬಿದ್ದುಹೋಯ್ತು. ಹವಾಯಿ ದ್ವೀಪದಲ್ಲೂ ಹೀಗೇ ಆಯ್ತು, 2005ರಲ್ಲಿ ಅಲ್ಲಿಗೆ ಹೋಯ್ತು, ಅಲ್ಲಿನ ವಿಲಿವಿಲಿ ಅನ್ನೋ ಹಾಲುವಾಣದ ಜಾತಿಯ ಮರವೇ ನಾಶ ಆಗೋ ಸ್ಥಿತಿಗೆ ಬಂತು. ಅವ್ರು ಸುಮ್ನೆ ಕೂರಲಿಲ್ಲ, ಈ ಕಣಜದ ಮೂಲ ಆಫ್ರಿಕಾ ಅಂತ ಹುಡುಕಿ, ಟಾಂಜಾನಿಯಾದಿಂದ ಇದನ್ನ ತಿನ್ನೋ ಇನ್ನೊಂದು ಕಣಜ ತಂದು, ಪರೀಕ್ಷೆ ಮಾಡಿ, 2008ರಲ್ಲಿ ಬಿಟ್ರು. ಅಲ್ಲಿ ಮರ ಸುಮಾರಾಗಿ ಚೇತರಿಸ್ಕೊಂಡಿದೆ. ನಮ್ಮಲ್ಲಿ ಹಾಲುವಾಣ ಅಂದ್ರೆ ಯಾರ ಬೆಳೆನೂ ಅಲ್ಲ, ಅದಕ್ಕೆ ಬೆಲೆ ಇಲ್ಲ, ಹಾಗಾಗಿ ಅದ್ರ ಪರವಾಗಿ ಯಾರೂ ಗಟ್ಟಿಯಾಗಿ ಕೇಳಲಿಲ್ಲ, ನನಗೆ ಇದು ಈಗ್ಲೂ ನೋವಿನ ವಿಷಯ. ಕಾಫಿಗೆ ರೋಗ ಬಂದ್ರೆ ಎಷ್ಟು ಮೀಟಿಂಗ್ ಆಗುತ್ತೆ, ಕಾಫಿನ ಸಾಕಿದ ಮರಕ್ಕೆ ಬಂದಾಗ ಒಂದೂ ಆಗಲಿಲ್ಲ.

ಆದ್ರೆ ಹಾಲುವಾಣ ಮುಗೀತು ಅಂತ ಅಲ್ಲ. ಈಗ ತೋಟ ಸುತ್ತಿ ನೋಡಿ, ಎಲ್ಲಾ ಮರಕ್ಕೂ ಒಂದೇ ಥರ ಗಂಟು ಬಂದಿಲ್ಲ. ಪಕ್ಕಪಕ್ಕದ ಎರಡು ಮರದಲ್ಲಿ ಒಂದು ಪೂರ್ತಿ ಗಂಟು, ಇನ್ನೊಂದು ಹಸಿರಾಗಿ ನಿಂತಿರುತ್ತೆ. ಆ ನಿಂತಿರೋ ಮರವೇ ನಿಮ್ಮ ಆಸ್ತಿ, ಹೊಸದಾಗಿ ನೆಡೋ ಗೂಟ ಅದರಿಂದಲೇ ತೆಗೀಬೇಕು.

ಗೂಟದ ವಿಷಯಕ್ಕೆ ಬಂದೆ, ಸಾಕಣೆ ಹೇಳ್ಬಿಡ್ತೀನಿ. ಹಾಲುವಾಣಕ್ಕೆ ನರ್ಸರಿ ಬೇಡ, ಅದೇ ಅದ್ರ ದೊಡ್ಡ ಅನುಕೂಲ. ಮಾರ್ಚ್ ಏಪ್ರಿಲಲ್ಲಿ ಮಣಿಕಟ್ಟು ದಪ್ಪದ ಬಲಿತ ಕೊಂಬೆ, ಆರೇಳು ಅಡಿ ಉದ್ದ ಕಡಿದು, ನೆರಳಲ್ಲಿ ಒರಗಿಸಿಡಿ. ಮೇ ಹೊತ್ತಿಗೆ ಅಲ್ಲೇ ಕಣ್ಣು ಒಡೆಯುತ್ತೆ. ಮಳೆ ಹಿಡಿದ ತಕ್ಷಣ ಒಂದೂವರೆ ಅಡಿ ಗುಂಡಿಗೆ ಮೇಲ್ಮಣ್ಣು ಹಾಕಿ ನೆಟ್ಟು ಬುಡ ಗಟ್ಟಿಯಾಗಿ ತುಳೀಬೇಕು, ಅಲ್ಲಾಡಿದ್ರೆ ಬೇರು ಬಿಡಲ್ಲ. ತಲೆ ಓರೆ ಕೊಯ್ದಿರ್ಬೇಕು, ನೀರು ನಿಲ್ಲಬಾರ್ದು, ಬುಡದಲ್ಲಂತೂ ನಿಲ್ಲಲೇಬಾರ್ದು, ಕೊಳೆಯುತ್ತೆ. ಕಡಿದ ದಿನವೇ ತಂದು ನೆಟ್ಟು, ಮಳೆ ಹೆಚ್ಚಾಗಿ ಕೊಳೆತು, ಈ ಮರ ಬರಲ್ಲ ಅಂತ ಬಿಟ್ಟವ್ರು ಬಹಳ ಜನ. ಮೆಣಸಿಗೆ ಆದ್ರೆ ಗೂಟ ಬೇರು ಹಿಡಿದ್ರೆ ಸಾಕು, ಬಳ್ಳಿ ಬೇಗ ಬಿಡಬಹುದು, ಸಿಲ್ವರ್ ಆದ್ರೆ ಮೂರು ವರ್ಷ ಕಾಯ್ಬೇಕು. ಬಳ್ಳಿ ಯಾವಾಗ್ಲೂ ಮರದ ಉತ್ತರ ಇಲ್ಲಾ ಈಶಾನ್ಯ ಬದಿಗೆ ಇಡಿ, ಮಧ್ಯಾಹ್ನದ ಬಿಸಿಲು ತಪ್ಪುತ್ತೆ, ಎರಡೂ ಮರಕ್ಕೆ ಇದು ಒಂದೇ. ಇನ್ನೊಂದು ಎಚ್ಚರಿಕೆ, ಬೇರುಗಂಟಿನ ಜಂತುಹುಳ ಹಾಲುವಾಣದ ಬೇರಲ್ಲೂ ಬೆಳೆಯುತ್ತೆ, ಮೆಣಸು ನಿಧಾನ ಸೊರಗಿ ಹಳದಿ ಆಗ್ತಿರೋ ತುಂಡಲ್ಲಿ ಕಂಬಕ್ಕೆ ಹಾಲುವಾಣ ಬೇಡ, ಅಲ್ಲಿ ಸಿಲ್ವರ್ರೇ ಸರಿ.

ಮರಗಸಿ ಕಾಲ ಮುಖ್ಯ. ಹಾಲುವಾಣ ಸುಮ್ನೆ ಬಿಟ್ರೆ ಬೇಸಿಗೆಯಲ್ಲೇ ಎಲೆ ಉದುರಿಸಿ ಕೆಂಪು ಹೂ ಬಿಟ್ಟು ನಿಲ್ಲುತ್ತೆ, ನೋಡೋಕೆ ಚಂದ, ಆದ್ರೆ ನಮಗೆ ನೆರಳು ಬೇಕಾಗಿರೋದೇ ಫೆಬ್ರವರಿ ಮಾರ್ಚಲ್ಲಿ. ಅದಕ್ಕೇ ಮಳೆ ಶುರು ಆಗೋ ಮುಂಚೆ ಕಡೀಬೇಕು, ಮಳೆಗಾಲದಲ್ಲಿ ಬೆಳಕು ಗಾಳಿ ಒಳಗೆ ಆಡುತ್ತೆ, ಕೊಳೆರೋಗ ಕಮ್ಮಿ ಆಗುತ್ತೆ, ಪುತ್ತರಿ ಹಬ್ಬದ (ನವೆಂಬರ್ ಡಿಸೆಂಬರ್) ಹೊತ್ತಿಗೆ ಹೊಸ ಚಿಗುರು ಬಲಿತು ಬೇಸಿಗೆಗೆ ಛತ್ರಿ ರೆಡಿ ಆಗಿರುತ್ತೆ. ನಾಪೋಕ್ಲು, ಭಾಗಮಂಡಲ ಕಡೆ ಮಳೆ ಜಾಸ್ತಿ ಇರೋರು ಜಾಸ್ತಿ ಕಡೀರಿ, ಕುಶಾಲನಗರ ಕಡೆ ಒಣ ಭಾಗದವ್ರು ಕೈ ಹಿಡಿದು ಕಡೀರಿ. ಕಡಿದ ಕೊಂಬೆ ಸೌದೆಗೆ ಅಷ್ಟಕ್ಕಷ್ಟೆ, ಮರ ಹಗುರ, ಆದ್ರೆ ಸೊಪ್ಪು ದನಕ್ಕೆ ಆಡಿಗೆ ಒಳ್ಳೇದು. ಬೀಜ ಮಾತ್ರ ವಿಷ, ಕೆಂಪಗೆ ಚಂದ ಇರುತ್ತೆ ಅಂತ ಮಕ್ಕಳು ಬಾಯಿಗೆ ಹಾಕ್ಕೊಳ್ಳದ ಹಾಗೆ ನೋಡ್ಕೊಳ್ಳಿ.

ಸಿಲ್ವರ್ ಸಾಕೋದು ಸುಲಭ, ಅದನ್ನ ಚಿಕ್ಕದಾಗಿ ಮುಗಿಸ್ತೀನಿ. ಬೀಜಕ್ಕೆ ರೆಕ್ಕೆ ಇರುತ್ತೆ, ಬೇಗ ಶಕ್ತಿ ಕಳ್ಕೊಳ್ಳುತ್ತೆ, ಹೊಸದಾಗಿದ್ದಾಗ್ಲೇ ಬಿತ್ತಬೇಕು. ಮೊಣಕಾಲೆತ್ತರದ ಸಸಿ ಜೂನಲ್ಲಿ ನೆಡಿ, ಕಳೆ ಬರದ ಹಾಗೆ ಎರಡು ವರ್ಷ ನೋಡಿ. ಪಕ್ಕದ ಕೊಂಬೆ ವರ್ಷ ವರ್ಷ ಸವರಬೇಕು, ಇಲ್ಲಾಂದ್ರೆ ಗಂಟು ಬಿದ್ದು ಪ್ಲೈವುಡ್‌ನವ್ರು ರೇಟ್ ಇಳಿಸ್ತಾರೆ. ನಮ್ಮ ಮರ ಹೆಚ್ಚಾಗಿ ಹೋಗೋದು ಕೇರಳದ ಪೆರುಂಬಾವೂರಿನ ಪ್ಲೈವುಡ್ ಫ್ಯಾಕ್ಟರಿಗಳಿಗೆ, ಅವ್ರಿಗೆ ಬೇಕಾಗಿರೋದು ನೆಟ್ಟಗೆ ದುಂಡಗೆ ಇರೋ ದಿಮ್ಮಿ. ಮನೆ ಕೆಲಸಕ್ಕೆ ಸಿಲ್ವರ್ ಹಾಕೋರಿದ್ದಾರೆ, ಗೆದ್ದಲು ಬೇಗ ಹಿಡಿಯುತ್ತೆ, ಬಾಗಿಲು ದಾರಂದಕ್ಕೆ ನಾನಂತೂ ಹೇಳಲ್ಲ. ಕುಯ್ಯುವಾಗ ಪುಡಿ ಕೆಲವರ ಮೈಗೆ ಆಗಲ್ಲ, ತುರಿಕೆ ಬೊಬ್ಬೆ ಬರುತ್ತೆ, ತುಂಬು ತೋಳಿನ ಅಂಗಿ ಹಾಕ್ಕೊಳ್ಳೋಕೆ ಹೇಳಿ. ಕೊಂಬೆ ಪೆಡಸು, ಜುಲೈ ಆಗಸ್ಟ್ ಗಾಳಿಗೆ ಮುರಿದು ಬೀಳುತ್ತೆ, ಲೈನ್ ಮನೆ (ಆಳುಗಳ ಸಾಲುಮನೆ) ಪಕ್ಕ ದಾರಿ ಪಕ್ಕ ಎತ್ತರ ಬಿಡಬೇಡಿ.

ಇಲ್ಲೊಂದು ಮಾತು ಒತ್ತಿ ಹೇಳ್ಬೇಕು. ಸಿಲ್ವರ್ ಮರದಲ್ಲಿ ಮೆಣಸು ನಲವತ್ತು ಅಡಿ ಮೇಲೆ ಹೋಗುತ್ತೆ, ಅದನ್ನ ಕುಯ್ಯೋದು ಒಬ್ಬ ಮನುಷ್ಯ ಏಣಿ ಮೇಲೆ ನಿಂತ್ಕೊಂಡು. ಅಲ್ಯೂಮಿನಿಯಂ ಏಣಿ ಕರೆಂಟ್ ಲೈನಿಗೆ ತಾಗಿ ಕೊಡಗಲ್ಲಿ ಜನ ಸತ್ತಿದ್ದಾರೆ, ಪ್ರತಿ ಸೀಸನ್ ಅಂಥ ಸುದ್ದಿ ಬರುತ್ತೆ. ಲೈನ್ ಹೋಗೋ ಕಡೆ ಸಿಲ್ವರ್ ನೆಡಲೇಬೇಡಿ, ಈಗಾಗ್ಲೇ ಇದ್ರೆ ಬಳ್ಳಿನ ಇಪ್ಪತ್ತು ಇಪ್ಪತ್ತೈದು ಅಡಿಗೆ ತಡೀರಿ, ಮೇಲಿನ ನಾಲ್ಕು ಕಿಲೋ ಮೆಣಸು ನಮಗೆ ಬೇಡ. ಹಾಲುವಾಣ ನಮ್ಮ ಹಿಡಿತದಲ್ಲಿ ಗಿಡ್ಡಕ್ಕೆ ಇರೋದ್ರಿಂದ ಈ ಅಪಾಯ ಕಮ್ಮಿ, ಇದನ್ನೂ ಆಳಿನ ಖರ್ಚಿನ ಲೆಕ್ಕದಲ್ಲಿ ಸೇರಿಸ್ಬೇಕು ಅನ್ನೋದು ನನ್ನ ಮಾತು.

ಈಗ ಎಲ್ಲಿ ಏನು. ಹೊಸದಾಗಿ ಗಿಡ ಇಟ್ಟ ಜಾಗ, ಅರೇಬಿಕಾ ಇರೋ ಜಾಗ, ನೆರಳಿನ ಕೆಳಗಿನ ಅಂತಸ್ತಿಗೆ ಹಾಲುವಾಣ. ಗಾಳಿ ಹೊಡೆಯೋ ಅಂಚು, ಬೇಲಿ ಸಾಲು, ಮಣ್ಣು ತೆಳು ಇರೋ ಗುಡ್ಡದ ತಲೆ, ರೊಬಸ್ಟಾ ಕಾಫಿ ನಡುವೆ ಮೆಣಸಿನ ಕಂಬ, ಇಲ್ಲಿ ಸಿಲ್ವರ್. ಮೇಲಿನ ಅಂತಸ್ತಲ್ಲಿ ಇರೋ ಹಳೇ ಅತ್ತಿ, ಗೋಣಿ, ನೇರಳೆ, ಅದನ್ನ ಮುಟ್ಟಬೇಡಿ. ಆನೆ ಬರುತ್ತೆ ಅಂತ ಹಲಸು ಕಡಿದು ಸಿಲ್ವರ್ ಹಾಕಿದವ್ರ ಕಷ್ಟ ನನಗೆ ಅರ್ಥ ಆಗುತ್ತೆ, ಆನೆ ಕಾಟ ಇರೋ ಸಿದ್ದಾಪುರ ಕಡೆಯವ್ರಿಗೆ ನಾನು ಬುದ್ಧಿ ಹೇಳೋಕೆ ಹೋಗಲ್ಲ, ಆದ್ರೆ ಗೋಣಿ ಅತ್ತಿ ಕಡಿಯೋಕೆ ಆ ಕಾರಣನೂ ಇಲ್ಲ. ರೊಬಸ್ಟಾ ಹೂವಿಗೆ ಬೇರೆ ಗಿಡದ ಪರಾಗ ಬೇಕು, ತನ್ನದೇ ಪರಾಗದಲ್ಲಿ ಕಾಯಿ ಕಟ್ಟಲ್ಲ, ಗಾಳಿ ಜೊತೆಗೆ ಹೆಜ್ಜೇನು ದೊಡ್ಡ ಕೆಲಸ ಮಾಡುತ್ತೆ, ಹೆಜ್ಜೇನು ಕಟ್ಟೋಕೆ ಎತ್ತರದ ಅಗಲ ಕೊಂಬೆಯ ಮರ ಬೇಕು. ಪೊನ್ನಂಪೇಟೆ ಅರಣ್ಯ ಕಾಲೇಜಿನವ್ರು ಹೊರದೇಶದ ಸಂಶೋಧಕರ ಜೊತೆ ಸೇರಿ ನಮ್ಮ ತೋಟಗಳಲ್ಲಿ ವರ್ಷಾನುಗಟ್ಟಲೆ ಮರ ಎಣಿಸಿ ನೋಡಿದ್ದಾರೆ, ಕಾಡುಜಾತಿ ನೆರಳು ಹೋಗಿ ಸಿಲ್ವರ್ ಒಂದೇ ತುಂಬ್ತಿರೋದು ಅವ್ರ ಕೆಲಸದಲ್ಲೂ ಬಂದಿದೆ.

ಪ್ರಶ್ನೆ ಕೇಳಿದವ್ರಲ್ಲಿ ಮೂರು ಜನದ್ದು ಬರೀತೀನಿ. ಸುಂಟಿಕೊಪ್ಪ ಕಡೆಯವ್ರೊಬ್ರು, ಸಿಲ್ವರ್ ನೀರು ಎಳೆದು ಕೊಲ್ಲಿ ಬತ್ತಿಸುತ್ತಾ ಅಂತ. ನಾನು ಹೇಳಿದ್ದು, ವೇಗವಾಗಿ ಬೆಳೆಯೋ ಯಾವ ಮರನೂ ನೀರು ಕುಡಿಯುತ್ತೆ, ಒತ್ತೊತ್ತಾಗಿ ನೆಟ್ರೆ ಜಾಸ್ತಿ ಕುಡಿಯುತ್ತೆ, ಕೊಲ್ಲಿ ಅಂಚಲ್ಲಿ ಇರೋ ಮರ ಇರಲಿ, ಅಲ್ಲಿ ಹೊಸದಾಗಿ ಸಿಲ್ವರ್ ಸಾಲು ಬೇಡ. ಇನ್ನೊಬ್ರು ಹೆಂಗಸು, ಒಬ್ಬರೇ ತೋಟ ನೋಡ್ಕೊಳ್ತಿರೋರು, ಮರ ಹತ್ತೋ ಆಳೇ ಇಲ್ಲ ನಾನು ಹಾಲುವಾಣ ಹೇಗೆ ಇಟ್ಕೊಳ್ಳಲಿ ಅಂದ್ರು. ಬಹಳ ನ್ಯಾಯದ ಪ್ರಶ್ನೆ. ಎಲ್ಲಾ ಕಡೆ ಬೇಡ, ಎಳೆ ಗಿಡ ಇರೋ ಒಂದು ತುಂಡಲ್ಲಿ ಮಾತ್ರ ಇಡಿ, ತಲೆನ ಹನ್ನೆರಡು ಅಡಿಗೆ ಕಡಿದು ಅಲ್ಲೇ ಹಿಡೀರಿ, ಆಗ ನೆಲದ ಮೇಲೆ ನಿಂತು ಉದ್ದ ಕೋಲಿನ ಗರಗಸದಲ್ಲೇ ಮರಗಸಿ ಆಗುತ್ತೆ, ಹತ್ತೋ ಆಳು ಬೇಡ.

ಮೂರ್ನೇವ್ರು ಹುಡುಗ, ಗಂಟು ಬಂದ ಮರ ಏನು ಮಾಡ್ಬೇಕು ಅಂದ. ಸ್ವಲ್ಪ ಇದ್ರೆ ಆ ಚಿಗುರಷ್ಟೇ ಕತ್ತರಿಸಿ ಸುಡಿ, ಕಾಫಿ ಬುಡಕ್ಕೆ ಹಾಕಬೇಡಿ, ಗಂಟೊಳಗೆ ಮರಿ ಇರುತ್ತೆ, ಹೊರಗೆ ಬಂದು ಪಕ್ಕದ ಮರಕ್ಕೆ ಹೋಗುತ್ತೆ. ಮರ ಪೂರ್ತಿ ಗಂಟಾಗಿದ್ರೆ ತೆಗೆದುಬಿಡಿ. ಆ ಜಾಗಕ್ಕೆ ಅದೇ ವರ್ಷ, ಗಂಟಿಲ್ಲದೆ ಉಳ್ಕೊಂಡಿರೋ ಮರದಿಂದ ಗೂಟ ತಂದು ನೆಡಿ, ನಿಮ್ಮಲ್ಲಿ ಅಂಥ ಮರ ಇಲ್ಲಾಂದ್ರೆ ಪಕ್ಕದ ತೋಟದವ್ರನ್ನ ಕೇಳಿ, ಹಾಲುವಾಣದ ಗೂಟ ಕೇಳಿದ್ರೆ ಕೊಡಗಲ್ಲಿ ಯಾರೂ ಇಲ್ಲ ಅನ್ನಲ್ಲ.